ಓದಿನ ವರ್ಷಗಳು, ಸೆರೆಯ ವರ್ಷಗಳು



ಈ ದತ್ತಿ ಉಪನ್ಯಾಸಕ್ಕೆ ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ನೀವು ನನಗೇ ಬಿಟ್ಟಿರಿ. ಕಾನೂನು ಕಾಲೇಜಿನ ಸಭಾಂಗಣವಿದು. ಎದುರಿಗೆ ಕೂತವರಲ್ಲಿ ಬಹುಪಾಲು ಜನ ಇಪ್ಪತ್ತೈದು ದಾಟದವರು. ಅವರು ಈಗಲೇ, ಸನ್ನದು ಸಿಗುವ ಮೊದಲೇ, ಮಾಡಬಹುದಾದ ಒಂದು ಕೆಲಸದ ಬಗ್ಗೆ ಮಾತಾಡಬೇಕು ಅನ್ನಿಸಿತು. ಸೆರೆಮನೆಗಳ ಸುಧಾರಣೆಗಾಗಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ನಡೆಸಿದ ಹೋರಾಟ ಮತ್ತು ದುಡಿಮೆ ಇಂದಿನ ನನ್ನ ವಿಷಯ.

ಮೊದಲಿಗೆ ಮಾತಿನ ಮೇರೆಯನ್ನು ಹೇಳಿಬಿಡುತ್ತೇನೆ. ತಾವೇ ಜೈಲು ಸೇರಿದ ವಿದ್ಯಾರ್ಥಿ ಮುಂದಾಳುಗಳ ಕಥೆ ದೊಡ್ಡದು, ಅದು ಬೇರೆಯೇ ಉಪನ್ಯಾಸವಾದೀತು. ನಾನು ಮಾತಾಡುವುದು, ಯಾವ ಆರೋಪವೂ ಇಲ್ಲದೆ, ಕಾಲೇಜಿನ ಗುರುತಿನ ಚೀಟಿ ಹಿಡಿದು ಜೈಲಿನ ಗೇಟಿನ ಮುಂದೆ ನಿಂತ ವಿದ್ಯಾರ್ಥಿಗಳ ಬಗ್ಗೆ. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಹಣದ ಸುತ್ತ, ಓದಿನ ಸುತ್ತ, ಕೇಸಿನ ಕಡತದ ಸುತ್ತ ನಡೆದದ್ದನ್ನು ಹೇಳಿ, ಅಲ್ಲಿಂದ ನಮ್ಮ ದೇಶಕ್ಕೂ ನಮ್ಮ ರಾಜ್ಯಕ್ಕೂ ಬರುತ್ತೇನೆ. ಇವೆಲ್ಲವನ್ನೂ ಓದುತ್ತ ಹೋದಂತೆ ನನಗೆ ಒಂದು ಸಂಗತಿ ಗಟ್ಟಿಯಾಗುತ್ತ ಬಂತು. ವಿದ್ಯಾರ್ಥಿ ಮೂರೋ ಐದೋ ವರ್ಷಕ್ಕೆ ಪದವಿ ಪಡೆದು ಹೊರಟುಹೋಗುತ್ತಾನೆ, ಕೈದಿ ಅಲ್ಲೇ ಉಳಿಯುತ್ತಾನೆ. ತಾನು ಹೋದ ಮೇಲೂ ನಡೆದುಕೊಂಡು ಹೋಗುವ ಏರ್ಪಾಡನ್ನು ಬಿಟ್ಟುಹೋದ ವಿದ್ಯಾರ್ಥಿಗಳಿಂದ ಕೈದಿಗಳಿಗೆ ನಿಜವಾದ ಪ್ರಯೋಜನವಾಗಿದೆ.

ಜೈಲಿಗೆ ಹೊರಗಿನವರ ಕಣ್ಣು ಯಾಕೆ ಬೇಕು ಎಂಬಲ್ಲಿಂದ ಶುರುಮಾಡೋಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನರಿದ್ದರು, ಜಾಗವಿದ್ದದ್ದು 4,36,266 ಮಂದಿಗೆ. ಒಳಗಿದ್ದವರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು, ಎಂದರೆ ಯಾವ ನ್ಯಾಯಾಲಯವೂ ಇನ್ನೂ ತಪ್ಪಿತಸ್ಥರು ಎಂದು ಹೇಳದವರು. ನಾಲ್ವರಲ್ಲಿ ಮೂವರು! ಅವರಲ್ಲಿ ದೊಡ್ಡ ಪಾಲು ಹತ್ತನೇ ತರಗತಿಯನ್ನೂ ಮುಟ್ಟದವರು, ಅಕ್ಷರವೇ ಬಾರದವರೂ ಕಡಿಮೆಯಿಲ್ಲ. ತನ್ನ ಮೇಲೆ ಯಾವ ಕಲಮಿನಡಿ ಕೇಸು ಹಾಕಿದ್ದಾರೆ, ಮುಂದಿನ ದಿನಾಂಕ ಯಾವುದು, ತನ್ನ ವಕೀಲರ ಹೆಸರೇನು ಎಂಬುದು ಗೊತ್ತಿಲ್ಲದವನು ಅರ್ಜಿ ಬರೆಯುವುದಾದರೂ ಹೇಗೆ?

ಓದುಬರಹ ಬಲ್ಲವರು ಒಳಗೆ ಹೋದಾಗ ಮಾತ್ರ ಜೈಲಿನ ಸುದ್ದಿ ಹೊರಗೆ ಬಂದಿದೆ. ನಮ್ಮಲ್ಲೇ ಒಂದು ನಿದರ್ಶನವಿದೆ. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ನಾಡಿಗೆಲ್ಲ ಪರಿಚಿತರಾದ ಸ್ನೇಹಲತಾ ರೆಡ್ಡಿಯವರನ್ನು ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ತಿಂಗಳುಗಟ್ಟಲೆ ಇರಿಸಿದರು. ಅವರಿಗೆ ತೀವ್ರ ಉಬ್ಬಸ. 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರು ಒಳಗೆ ಬರೆದಿಟ್ಟ ದಿನಚರಿ ಆಮೇಲೆ ಪ್ರಕಟವಾಯಿತು. ಆ ಜೈಲಿನ ಜಾಗವೇ ಇಂದಿನ ಫ್ರೀಡಂ ಪಾರ್ಕ್. ಅವರಿಗಿಂತ ಮೊದಲೂ ಆಮೇಲೂ ಎಷ್ಟೋ ಹೆಣ್ಣುಮಕ್ಕಳು ಅಂಥ ಗೋಡೆಗಳ ನಡುವೆ ದಿನ ಕಳೆದಿದ್ದಾರೆ. ಅವರ ದಿನಚರಿಯನ್ನು ಯಾರೂ ಬರೆದಿಡಲಿಲ್ಲ.

ತುರ್ತುಪರಿಸ್ಥಿತಿ ಮುಗಿದು ಎರಡು ವರ್ಷವಾಗುವಷ್ಟರಲ್ಲಿ ಬಿಹಾರದ ಜೈಲುಗಳ ಕಥೆ ಹೊರಬಿತ್ತು. ಪೊಲೀಸ್ ಆಯೋಗದ ಸದಸ್ಯರಾಗಿದ್ದ ಕೆ.ಎಫ್. ರುಸ್ತುಮ್‌ಜಿ ಆ ಜೈಲುಗಳನ್ನು ಕಂಡುಬಂದು 1979ರ ಜನವರಿಯಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಯಲ್ಲಿ ಬರೆದರು. ವಕೀಲೆ ಕಪಿಲಾ ಹಿಂಗೋರಾನಿ ಆ ಬರಹವನ್ನೇ ಆಧಾರ ಮಾಡಿಕೊಂಡು ಸುಪ್ರೀಂ ಕೋರ್ಟಿಗೆ ಹೋದರು. ತಮ್ಮ ಆರೋಪಕ್ಕೆ ಇದ್ದ ಗರಿಷ್ಠ ಶಿಕ್ಷೆಗಿಂತಲೂ ಹೆಚ್ಚು ಕಾಲ ವಿಚಾರಣೆಗಾಗಿ ಕಾಯುತ್ತ ಕೂತಿದ್ದವರು ಅಲ್ಲಿದ್ದರು. ಹುಸೇನಾರಾ ಖಾತೂನ್ ಪ್ರಕರಣ ಎಂದು ನೀವು ಪರೀಕ್ಷೆಗೆ ಬಾಯಿಪಾಠ ಮಾಡುವುದು ಇದನ್ನೇ. ತ್ವರಿತ ವಿಚಾರಣೆ 21ನೇ ವಿಧಿಯ ಹಕ್ಕು ಎಂಬ ಸಾಲಿಗೆ ನೀವು ಅಂಕ ಪಡೆಯುತ್ತೀರಿ. ಆ ಸಾಲು ಹುಟ್ಟಿದ್ದು ಹೊರಗಿನ ಒಬ್ಬರು ಜೈಲಿನೊಳಗೆ ಹೋಗಿ ಕಂಡದ್ದನ್ನು ಬರೆದದ್ದರಿಂದ ಎಂಬುದನ್ನೂ ಅದರ ಜೊತೆಗೇ ನೆನಪಿಡಿ.

ಈಗ ವಿದ್ಯಾರ್ಥಿಗಳ ಕಡೆಗೆ ಬರುತ್ತೇನೆ. ಮೊದಲು ಹಣದ ವಿಚಾರ.

ಅಮೆರಿಕದಲ್ಲಿ ಖಾಸಗಿ ಕಂಪನಿಗಳು ಜೈಲು ನಡೆಸುತ್ತವೆ, ಅವುಗಳ ಷೇರುಗಳು ಪೇಟೆಯಲ್ಲಿ ಬಿಕರಿಯಾಗುತ್ತವೆ. ಒಳಗೆ ಜನ ಹೆಚ್ಚಿದಷ್ಟೂ ಕಂಪನಿಗೆ ವರಮಾನ. 2013ರ ಫೆಬ್ರುವರಿಯಲ್ಲಿ ಫ್ಲಾರಿಡಾ ಅಟ್ಲಾಂಟಿಕ್ ವಿಶ್ವವಿದ್ಯಾಲಯ ತನ್ನ ಹೊಸ ಫುಟ್ಬಾಲ್ ಕ್ರೀಡಾಂಗಣಕ್ಕೆ ಜಿಯೋ ಗ್ರೂಪ್ ಎಂಬ ಇಂಥದೊಂದು ಕಂಪನಿಯ ಹೆಸರಿಡುವುದಾಗಿ ಪ್ರಕಟಿಸಿತು. ಬದಲಿಗೆ ಹನ್ನೆರಡು ವರ್ಷಗಳಲ್ಲಿ 60 ಲಕ್ಷ ಡಾಲರ್ ಕೊಡುಗೆ. ಕಂಪನಿಯ ಮುಖ್ಯಸ್ಥರು ಅದೇ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿ, ಕಚೇರಿಯೂ ಅದೇ ಊರಿನಲ್ಲಿ. ಆಡಳಿತಕ್ಕೆ ಇದು ಸಹಜವಾದ ದಾನವಾಗಿ ಕಂಡಿರಬೇಕು. ವಿದ್ಯಾರ್ಥಿಗಳಿಗೆ ಹಾಗೆ ಕಾಣಲಿಲ್ಲ. ವಿಶ್ವವಿದ್ಯಾಲಯದ ಲಾಂಛನ ಗೂಬೆ, ಇಂಗ್ಲಿಷಿನಲ್ಲಿ ‘ಔಲ್’. ಅದನ್ನು ಅಲ್ಕಟ್ರಾಜ್ ಎಂಬ ಹೆಸರಾಂತ ಸೆರೆಮನೆಗೆ ಜೋಡಿಸಿ ಅವರು ಕ್ರೀಡಾಂಗಣವನ್ನು ‘ಔಲ್ಕಟ್ರಾಜ್’ ಎಂದು ಕರೆದರು, ಅಧ್ಯಕ್ಷರ ಕಚೇರಿಯಲ್ಲಿ ಧರಣಿ ಕೂತರು, ಆ ಕಂಪನಿಯ ಜೈಲುಗಳ ಮೇಲಿದ್ದ ದೂರುಗಳನ್ನು ಕಲೆಹಾಕಿ ಹಂಚಿದರು. ಏಪ್ರಿಲ್ ಮೊದಲ ದಿನವೇ ಕಂಪನಿ ತನ್ನ ಕೊಡುಗೆಯನ್ನು ಹಿಂದಕ್ಕೆ ಪಡೆಯಿತು.

ಎರಡು ವರ್ಷದ ಬಳಿಕ, 2015ರ ಜೂನ್‌ನಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಖಾಸಗಿ ಜೈಲು ಕಂಪನಿಗಳಲ್ಲಿ ಹೂಡಿದ್ದ ಹಣವನ್ನು ತೆಗೆಯಲು ತೀರ್ಮಾನಿಸಿತು. ಹಾಗೆ ಮಾಡಿದ ಅಮೆರಿಕದ ಮೊದಲ ವಿಶ್ವವಿದ್ಯಾಲಯ ಅದು. ಅದರ ಹಿಂದೆ ಇದ್ದದ್ದು ವಿದ್ಯಾರ್ಥಿಗಳ ಒಂದು ಸಣ್ಣ ಗುಂಪು. ತಮ್ಮ ವಿಶ್ವವಿದ್ಯಾಲಯದ ನಿಧಿ ಎಲ್ಲೆಲ್ಲಿ ಹೂಡಿಕೆಯಾಗಿದೆ ಎಂಬುದನ್ನು ಅವರು ಪಟ್ಟುಹಿಡಿದು ಹುಡುಕಿ ತೆಗೆದಿದ್ದರು. ಅದೇ ವರ್ಷದ ಕೊನೆಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವೂ ಕಪ್ಪು ವಿದ್ಯಾರ್ಥಿಗಳ ಒಕ್ಕೂಟದ ಒತ್ತಾಯಕ್ಕೆ ಮಣಿದು ಸುಮಾರು ಎರಡೂವರೆ ಕೋಟಿ ಡಾಲರ್ ಬೆಲೆಯ ಅಂಥ ಷೇರುಗಳನ್ನು ಮಾರಿತು.

ಈ ಗೆಲುವುಗಳ ತೂಕ ಎಷ್ಟು ಎಂದು ನೀವು ಕೇಳಬಹುದು. ಷೇರು ಮಾರಿದ್ದರಿಂದ ಒಬ್ಬ ಕೈದಿಯ ಒಂದು ದಿನದ ಶಿಕ್ಷೆಯೂ ಕಡಿಮೆಯಾಗಲಿಲ್ಲ. ಅವನ ಊಟ ಸುಧಾರಿಸಲಿಲ್ಲ. ಆದರೂ ನಾನು ಇದನ್ನು ಚಿಕ್ಕದು ಎನ್ನಲಾರೆ. ಜೈಲು ಸರ್ಕಾರದ ವಿಷಯ, ಪೊಲೀಸರ ವಿಷಯ, ವಿಶ್ವವಿದ್ಯಾಲಯಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬ ನಂಬಿಕೆಯನ್ನು ಆ ವಿದ್ಯಾರ್ಥಿಗಳು ಲೆಕ್ಕಪತ್ರ ತೋರಿಸಿ ಒಡೆದರು. ಆದರೆ ಜೈಲಿನ ಒಳಗನ್ನು ಬದಲಿಸಲು ಜೈಲಿನ ಒಳಕ್ಕೇ ಹೋಗಬೇಕು. ಹಾಗೆ ಹೋದ ಒಬ್ಬ ವಿದ್ಯಾರ್ಥಿಯ ಕೆಲಸ ನನ್ನ ಎರಡನೆಯ ಮಾತು.

1994ರಲ್ಲಿ ಅಮೆರಿಕದ ಕಾಂಗ್ರೆಸ್ ಅಂಗೀಕರಿಸಿದ ಅಪರಾಧ ಕಾಯ್ದೆ ಕೈದಿಗಳಿಗೆ ಕಾಲೇಜು ಓದಲು ಸಿಗುತ್ತಿದ್ದ ಪೆಲ್ ಅನುದಾನವನ್ನು ಕಿತ್ತುಕೊಂಡಿತು. ಜೈಲುಗಳೊಳಗೆ ನಡೆಯುತ್ತಿದ್ದ ನೂರಾರು ಕಾಲೇಜು ತರಗತಿಗಳು ಕೆಲವೇ ವರ್ಷಗಳಲ್ಲಿ ಮುಚ್ಚಿದವು. 1999ರಲ್ಲಿ ನ್ಯೂಯಾರ್ಕ್ ರಾಜ್ಯದ ಬಾರ್ಡ್ ಕಾಲೇಜಿನಲ್ಲಿ ಇನ್ನೂ ಪದವಿ ಓದುತ್ತಿದ್ದ ಮ್ಯಾಕ್ಸ್ ಕೆನ್ನರ್ ತನ್ನ ಕಾಲೇಜೇ ಜೈಲಿನಲ್ಲಿ ತರಗತಿ ನಡೆಸಬೇಕೆಂದು ಕೇಳಿದ. ಹಳೆಯ ಪುಸ್ತಕ ಹಂಚುವುದು, ವಾರಕ್ಕೊಮ್ಮೆ ಪಾಠ ಹೇಳಿ ಬರುವುದು ಅವನಿಗೆ ಸಾಲದಾಗಿತ್ತು. ಹೊರಗಿನ ವಿದ್ಯಾರ್ಥಿಗಳಿಗೆ ಯಾವ ಪಠ್ಯವೋ ಯಾವ ಪದವಿಯೋ, ಒಳಗಿನವರಿಗೂ ಅದೇ ಇರಬೇಕು ಎಂದು ಹಟ ಹಿಡಿದ. 2001ರಲ್ಲಿ ತರಗತಿ ಶುರುವಾಯಿತು. ಓದು ಮುಗಿಸಿದ ಮೇಲೂ ಆತ ಅಲ್ಲೇ ಉಳಿದು ಆ ಕಾರ್ಯಕ್ರಮದ ಹೊಣೆ ಹೊತ್ತ.

2015ರ ಸೆಪ್ಟೆಂಬರ್‌ನಲ್ಲಿ, ಬಾರ್ಡ್ ತರಗತಿ ನಡೆಸುತ್ತಿದ್ದ ಜೈಲುಗಳಲ್ಲಿ ಒಂದಾದ ಈಸ್ಟರ್ನ್ ಸೆರೆಮನೆಯ ಕೈದಿಗಳ ಚರ್ಚಾ ತಂಡ ಹಾರ್ವರ್ಡ್ ವಿದ್ಯಾರ್ಥಿಗಳ ತಂಡವನ್ನು ಸೋಲಿಸಿದ ಸುದ್ದಿಯನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ನನಗೆ ಆ ಗೆಲುವಿಗಿಂತ ಅದರ ಹಿಂದಿನ ತಯಾರಿ ಮುಖ್ಯ. ಕೈದಿಗಳಿಗೆ ಇಂಟರ್ನೆಟ್ ಇಲ್ಲ. ಒಂದು ಪುಸ್ತಕವೋ ಲೇಖನವೋ ಬೇಕಾದರೆ ಜೈಲು ಆಡಳಿತಕ್ಕೆ ಬರೆದುಕೊಟ್ಟು ಕಾಯಬೇಕು. ಬಂದ ಹಾಳೆಗಳನ್ನು ಹಂಚಿಕೊಂಡು, ಬರೆದು, ಅಳಿಸಿ, ಮತ್ತೆ ಬರೆದು ಅವರು ವಾದ ಕಟ್ಟಿದರು. ದಾಖಲೆ ಇಲ್ಲದ ವಲಸಿಗ ಮಕ್ಕಳಿಗೆ ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸಬಹುದೇ ಎಂಬುದು ಅಂದಿನ ವಿಷಯ. ನಿರಾಕರಿಸಬಹುದು ಎಂಬ, ತಾವು ಒಪ್ಪದ ಪಕ್ಷವೇ ಅವರ ಪಾಲಿಗೆ ಬಂದಿತ್ತು. ತಾನು ನಂಬದ ವಾದವನ್ನೂ ಎದುರಾಳಿಗಿಂತ ಚೆನ್ನಾಗಿ ಅರಿತು ಮಂಡಿಸುವುದು ವಕೀಲಿಕೆಯ ಮೊದಲ ಪಾಠ. ಆ ಪಾಠವನ್ನು ಅವರು ಕಂಬಿಗಳ ಹಿಂದೆ ಕಲಿತರು.

ಪೆಲ್ ಅನುದಾನ ಕೈದಿಗಳಿಗೆ ಪೂರ್ತಿಯಾಗಿ ಮರಳಿ ಸಿಕ್ಕಿದ್ದು 2023ರ ಜುಲೈನಲ್ಲಿ, ಹೆಚ್ಚುಕಡಿಮೆ ಮೂವತ್ತು ವರ್ಷಗಳ ಮೇಲೆ. ಬಾರ್ಡ್‌ನಂಥ ಕಾಲೇಜುಗಳು ನಡುವಿನ ವರ್ಷಗಳಲ್ಲಿ ಖಾಸಗಿ ದೇಣಿಗೆಯ ಬಲದಿಂದ ತರಗತಿಗಳನ್ನು ಉಳಿಸಿಕೊಳ್ಳದೇ ಹೋಗಿದ್ದರೆ, ಅನುದಾನ ಮರಳಿ ಕೊಡಿ ಎಂದು ಕೇಳುವವರ ಕೈಯಲ್ಲಿ ತೋರಿಸಲು ಏನೂ ಇರುತ್ತಿರಲಿಲ್ಲ.

ಮೂರನೆಯದು ಕಡತದ ವಿಚಾರ. ನನ್ನ ಮನಸ್ಸಿಗೆ ಇದೇ ಹೆಚ್ಚು ಹತ್ತಿರ. ಇಲ್ಲಿ ವಿದ್ಯಾರ್ಥಿಯ ಶಕ್ತಿಯೂ ಅವನಿಂದ ಆಗಬಹುದಾದ ಅಪಾಯವೂ ಒಟ್ಟಿಗೇ ಕಾಣುತ್ತವೆ.

1992ರಲ್ಲಿ ನ್ಯೂಯಾರ್ಕಿನ ಕಾರ್ಡೋಜೋ ಕಾನೂನು ಶಾಲೆಯಲ್ಲಿ ಬ್ಯಾರಿ ಶೆಕ್ ಮತ್ತು ಪೀಟರ್ ನ್ಯೂಫೆಲ್ಡ್ ಎಂಬ ಇಬ್ಬರು ವಕೀಲರು ಇನ್ನೋಸೆನ್ಸ್ ಪ್ರಾಜೆಕ್ಟ್ ಕಟ್ಟಿದರು. ತಪ್ಪು ಮಾಡದೆ ಜೈಲಿನಲ್ಲಿರುವವರನ್ನು ಡಿಎನ್‌ಎ ಪರೀಕ್ಷೆಯ ನೆರವಿನಿಂದ ಹೊರತರುವುದು ಅದರ ಗುರಿ. ಕೈದಿಗಳಿಂದ ಬರುವ ಪತ್ರಗಳನ್ನು ಓದುವುದು, ಹಳೆಯ ಪೊಲೀಸ್ ಠಾಣೆಯ ಉಗ್ರಾಣದಲ್ಲಿ ರಕ್ತದ ಮಾದರಿ ಉಳಿದಿದೆಯೇ ಎಂದು ವಿಚಾರಿಸುವುದು, ಸಾಕ್ಷಿಗಳ ಹೇಳಿಕೆಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವುದು, ಇಂಥ ಕೆಲಸಕ್ಕೆ ಕಾನೂನು ವಿದ್ಯಾರ್ಥಿಗಳು ಕೈಹಾಕಿದರು. ಫೀಸು ಪಡೆದು ದುಡಿಯುವ ವಕೀಲನಿಗೆ ಇಷ್ಟು ಬಿಡುವು ಎಲ್ಲಿಂದ ಬರಬೇಕು?

ಶಿಕಾಗೋ ಬಳಿಯ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿದ್ಯಾರ್ಥಿಗಳ ಕಥೆ ಇನ್ನೂ ಪ್ರಸಿದ್ಧ. 1982ರಲ್ಲಿ ಶಿಕಾಗೋದ ಪಾರ್ಕೊಂದರಲ್ಲಿ ನಡೆದ ಜೋಡಿ ಕೊಲೆಗಾಗಿ ಆಂಟನಿ ಪೋರ್ಟರ್‌ಗೆ ಮರಣದಂಡನೆಯಾಗಿತ್ತು. 1998ರಲ್ಲಿ ಶಿಕ್ಷೆ ಜಾರಿಗೆ ಎರಡು ದಿನ ಉಳಿದಿರುವಾಗ, ಅವನ ಬುದ್ಧಿಮಟ್ಟದ ಪ್ರಶ್ನೆ ಎದ್ದು ತಡೆ ಸಿಕ್ಕಿತು. ಆ ಬಿಡುವಿನಲ್ಲಿ ವಿದ್ಯಾರ್ಥಿಗಳು ಆ ಪಾರ್ಕಿಗೇ ಹೋದರು. ಸಾಕ್ಷಿ ನಿಂತಿದ್ದೆ ಎಂದ ಜಾಗದಲ್ಲಿ ನಿಂತು ನೋಡಿ, ಅಲ್ಲಿಂದ ಹಾಗೆ ಕಾಣುವುದು ಸಾಧ್ಯವಿಲ್ಲ ಎಂಬ ತೀರ್ಮಾನಕ್ಕೆ ಬಂದರು. ಸಾಕ್ಷಿ ತನ್ನ ಮಾತನ್ನು ಹಿಂದೆಗೆದುಕೊಂಡ. 1999ರ ಫೆಬ್ರುವರಿಯಲ್ಲಿ ಪೋರ್ಟರ್ ಹೊರಬಂದ. ಮರುವರ್ಷ ಇಲಿನಾಯ್ ರಾಜ್ಯದ ಗವರ್ನರ್ ಜಾರ್ಜ್ ರಯಾನ್ ಮರಣದಂಡನೆಗಳನ್ನು ತಡೆಹಿಡಿದರು. 2003ರ ಜನವರಿಯಲ್ಲಿ, ಅಧಿಕಾರ ಬಿಡುವ ಮುನ್ನ, ಆ ರಾಜ್ಯದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಎಲ್ಲರ ಶಿಕ್ಷೆಯನ್ನೂ ಇಳಿಸಿದರು. 2011ರಲ್ಲಿ ಇಲಿನಾಯ್ ಮರಣದಂಡನೆಯನ್ನೇ ರದ್ದುಮಾಡಿತು.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಚಪ್ಪಾಳೆ ಬೀಳುತ್ತದೆ, ಆದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಅದೇ ಪ್ರಕರಣದಲ್ಲಿ ವಿದ್ಯಾರ್ಥಿಗಳ ತಂಡದೊಂದಿಗೆ ದುಡಿಯುತ್ತಿದ್ದ ಖಾಸಗಿ ಪತ್ತೇದಾರರೊಬ್ಬರು ಇನ್ನೊಬ್ಬ ವ್ಯಕ್ತಿಯಿಂದ ವಿಡಿಯೋದಲ್ಲಿ ತಪ್ಪೊಪ್ಪಿಗೆ ಪಡೆದಿದ್ದರು. ಅದರಿಂದಾಗಿ ಆ ವ್ಯಕ್ತಿ ಹದಿನೈದು ವರ್ಷ ಜೈಲಿನಲ್ಲಿದ್ದ. ಆ ತಪ್ಪೊಪ್ಪಿಗೆಯನ್ನು ಪಡೆದ ರೀತಿಯೇ ಸರಿಯಿರಲಿಲ್ಲ, ಸುಳ್ಳು ಸಾಕ್ಷಿಯ ವಿಡಿಯೋ ತೋರಿಸಿ ಅವನನ್ನು ಒಪ್ಪಿಸಲಾಗಿತ್ತು ಎಂದು ಮರುಪರಿಶೀಲನೆಯಲ್ಲಿ ಕಂಡು, 2014ರಲ್ಲಿ ಪ್ರಾಸಿಕ್ಯೂಷನ್ನೇ ಮುಂದಾಗಿ ಅವನನ್ನು ಬಿಡಿಸಿತು. ಒಬ್ಬನನ್ನು ಸಾವಿನಿಂದ ತಪ್ಪಿಸುವ ಆತುರದಲ್ಲಿ ಪೊಲೀಸರ ಮೇಲೆ ಹೊರಿಸುವ ದೋಷವನ್ನೇ ಆ ತಂಡ ತಾನೂ ಮಾಡಿತ್ತು. ಕಡತ ಮುಟ್ಟುವ ಯಾವ ವಿದ್ಯಾರ್ಥಿಗೂ ನಾನು ಈ ಎರಡೂ ಅರ್ಧಗಳನ್ನು ಓದಿಸುತ್ತೇನೆ. ಅವನ ಕೆಲಸ ಕೈದಿಯ ಪರವಾಗಿ ಇರಬಹುದು, ಆದರೆ ಸಾಕ್ಷ್ಯದ ನಿಯಮ ಅವನಿಗೆ ಸಡಿಲವಾಗುವುದಿಲ್ಲ.

ನಮ್ಮ ದೇಶದಲ್ಲಿ ಕಡತದ ಕೆಲಸವನ್ನು ಇದಕ್ಕಿಂತ ದೊಡ್ಡದಾಗಿಯೂ ಇದಕ್ಕಿಂತ ಜಾಗರೂಕತೆಯಿಂದಲೂ ಮಾಡಿದವರು ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. 2013ರಲ್ಲಿ ಅಧ್ಯಾಪಕ ಅನೂಪ್ ಸುರೇಂದ್ರನಾಥ್ ಅವರ ನೇತೃತ್ವದಲ್ಲಿ ಮರಣದಂಡನೆಯ ಅಧ್ಯಯನವೊಂದು ಶುರುವಾಯಿತು. ಆಗ ಭಾರತದಲ್ಲಿ ಗಲ್ಲು ಶಿಕ್ಷೆಗೆ ಗುರಿಯಾಗಿ ಜೈಲಿನಲ್ಲಿರುವವರು ಎಷ್ಟು ಮಂದಿ, ಯಾರು, ಎಲ್ಲಿಯವರು ಎಂಬ ಪೂರ್ತಿ ಪಟ್ಟಿಯೇ ಯಾರ ಬಳಿಯೂ ಇರಲಿಲ್ಲ. ವಿದ್ಯಾರ್ಥಿಗಳು ರಾಜ್ಯ ರಾಜ್ಯ ಸುತ್ತಿ, ಜೈಲಿನಲ್ಲಿ ಕೈದಿಗಳೊಂದಿಗೂ ಹಳ್ಳಿಗಳಲ್ಲಿ ಅವರ ಮನೆಯವರೊಂದಿಗೂ ಕೂತು ಮಾತಾಡಿದರು. ಅಂಥ 385 ಕೈದಿಗಳ ಪೈಕಿ 373 ಮಂದಿಯ ವೃತ್ತಾಂತ ಅವರ ವರದಿಯಲ್ಲಿದೆ. 2016ರ ಮೇನಲ್ಲಿ ಅದು ಹೊರಬಂತು. ಅವರಲ್ಲಿ 74.1 ಶೇಕಡ ಜನ ಆರ್ಥಿಕವಾಗಿ ದುರ್ಬಲರು ಎಂಬುದು ಆ ವರದಿಯಿಂದ ತಿಳಿಯಿತು. ಬಡವನಿಗೆ ಮಾತ್ರ ಗಲ್ಲು ಎಂದು ಎಲ್ಲರೂ ಆಡುತ್ತಿದ್ದ ಮಾತಿನ ಹಿಂದೆ ಈಗ ಒಂದು ಅಂಕಿ ನಿಂತಿತು.

ಆ ಅಧ್ಯಯನ ನಡೆಸಿದ ವಿದ್ಯಾರ್ಥಿಗಳು ಪದವಿ ಪಡೆದು ಹೋದರು. ಕೆಲಸ ನಿಲ್ಲಲಿಲ್ಲ. ಅದು ‘ಪ್ರಾಜೆಕ್ಟ್ 39ಎ’ ಎಂಬ ಹೆಸರಿನಲ್ಲಿ ಬೆಳೆಯಿತು. ಸಮಾನ ನ್ಯಾಯ ಮತ್ತು ಉಚಿತ ಕಾನೂನು ನೆರವಿನ ಹೊಣೆಯನ್ನು ರಾಜ್ಯದ ಮೇಲೆ ಹೊರಿಸುವ ಸಂವಿಧಾನದ ವಿಧಿಯೇ 39ಎ. ಮರಣದಂಡನೆ ಕೊಡುವ ಮುನ್ನ ಆರೋಪಿಯ ಬಾಳು, ಬೆಳೆದ ರೀತಿ, ಮನಸ್ಸಿನ ಸ್ಥಿತಿ ಎಲ್ಲವನ್ನೂ ವಿಚಾರಣಾ ನ್ಯಾಯಾಲಯ ತರಿಸಿಕೊಂಡು ನೋಡಬೇಕು ಎಂದು ಸುಪ್ರೀಂ ಕೋರ್ಟ್ 2022ರ ಮನೋಜ್ ಪ್ರಕರಣದಲ್ಲಿ ಹೇಳಿತು. ಆ ವಿದ್ಯಾರ್ಥಿಗಳು ಕೈದಿಯ ಮನೆಯ ಜಗಲಿಯಲ್ಲಿ ಕೂತು ಕೇಳುತ್ತಿದ್ದದ್ದೂ ಇಂಥ ಸಂಗತಿಗಳನ್ನೇ.

ಇನ್ನೊಂದು ನಿದರ್ಶನವನ್ನು ಕಿರಿದಾಗಿ ಹೇಳಿ ಮುಂದೆ ಹೋಗುತ್ತೇನೆ. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1990ರಲ್ಲಿ ‘ಪ್ರಯಾಸ್’ ಎಂಬ ಕ್ಷೇತ್ರ ಕಾರ್ಯವನ್ನು ಜೈಲಿನಲ್ಲಿ ಆರಂಭಿಸಿತು. ಸಮಾಜಕಾರ್ಯ ಓದುವವರು ಅಲ್ಲಿ ಕೆಲಸ ಕಲಿಯುತ್ತಾರೆ. ತಾಯಿ ಒಳಗಿದ್ದಾಗ ಹೊರಗೆ ಮಗು ಎಲ್ಲಿದೆ, ಬಿಡುಗಡೆಯಾದವನಿಗೆ ಇರಲು ಮನೆ ಇದೆಯೇ ಎಂಬಂಥ ಪ್ರಶ್ನೆಗಳು ಕಾನೂನು ಓದಿದವರಿಗೆ ಥಟ್ಟನೆ ಹೊಳೆಯುವುದಿಲ್ಲ. ಜೈಲಿನ ಕೆಲಸದಲ್ಲಿ ಕಾನೂನು ಕಾಲೇಜೂ ಸಮಾಜಕಾರ್ಯ ವಿಭಾಗವೂ ಜೊತೆಯಾಗಿ ಹೋಗುವುದು ಒಳ್ಳೆಯದು.

ಈಗ ನಮ್ಮ ಮನೆಗೆ ಬರೋಣ. ಕಾನೂನು ಓದುವವರು ಬಡವರ ಕೇಸಿನಲ್ಲಿ ದುಡಿಯಬೇಕು ಎಂಬ ಮಾತು ಹೊಸದಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಅಧ್ಯಕ್ಷತೆಯ ಕಾನೂನು ನೆರವು ಸಮಿತಿ 1973ರಲ್ಲೇ ಇದನ್ನು ಹೇಳಿತ್ತು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯನ್ನು ಕಟ್ಟಿದ ಎನ್.ಆರ್. ಮಾಧವ ಮೆನನ್ ಅವರಿಗೆ ಕ್ಲಿನಿಕ್ ಮೂಲಕ ಕಾನೂನು ಕಲಿಸುವುದು ಬದುಕಿನ ಉದ್ದಕ್ಕೂ ಇದ್ದ ಧ್ಯೇಯ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ವಿಶ್ವವಿದ್ಯಾಲಯ ಮತ್ತು ಕಾನೂನು ಕಾಲೇಜುಗಳಲ್ಲಿ ಕಾನೂನು ಸೇವಾ ಕ್ಲಿನಿಕ್‌ಗಳನ್ನು ಬೆಳೆಸುವ ಹೊಣೆಯನ್ನು ರಾಷ್ಟ್ರೀಯ ಪ್ರಾಧಿಕಾರಕ್ಕೆ ವಹಿಸಿದೆ. ಬಾರ್ ಕೌನ್ಸಿಲ್ಲಿನ ನಿಯಮದಂತೆ ಪ್ರತಿ ಕಾನೂನು ಕಾಲೇಜಿನಲ್ಲೂ ಕಾನೂನು ನೆರವು ಕೇಂದ್ರ ಇರಬೇಕು. ಇದೆ. ಫಲಕವೂ ಇದೆ. ವರ್ಷಕ್ಕೊಂದು ಹಳ್ಳಿಯಲ್ಲಿ ಶಿಬಿರ ನಡೆಸಿ, ಫೋಟೋ ತೆಗೆಸಿ, ಪರಿಶೀಲನಾ ತಂಡಕ್ಕೆ ತೋರಿಸುವ ಕಡತವೂ ಇದೆ. ಜೈಲಿಗೆ ಹೋಗುವುದು ಎಂದರೆ ಒಂದು ದಿನದ ಭೇಟಿ, ಸಾಲಾಗಿ ನಿಂತ ಕೈದಿಗಳಿಗೆ ಹಣ್ಣು, ಒಂದು ಭಾಷಣ. ಇದನ್ನು ನಾನು ನೋವಿನಿಂದ ಹೇಳುತ್ತಿದ್ದೇನೆ, ಯಾಕೆಂದರೆ ಅದೇ ವಿದ್ಯಾರ್ಥಿಗಳ ಕೈಯಲ್ಲಿ ಅದೇ ದಿನ ಎಷ್ಟೋ ಜನರ ಬಿಡುಗಡೆಯ ದಾರಿ ತೆರೆಯಬಹುದಿತ್ತು.

ಹೇಗೆ ಎಂದು ಹೇಳುತ್ತೇನೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮನ್ನು ತೆಗೆದುಕೊಳ್ಳಿ. ವಿಚಾರಣಾಧೀನ ಕೈದಿ ತನ್ನ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಅರ್ಧ ಕಾಲವನ್ನು ಜೈಲಿನಲ್ಲಿ ಕಳೆದಿದ್ದರೆ ಅವನನ್ನು ಜಾಮೀನಿನ ಮೇಲೆ ಬಿಡಬೇಕು. ಹಿಂದೆ ಎಂದೂ ಶಿಕ್ಷೆಯಾಗದ, ಮೊದಲ ಬಾರಿಯ ಆರೋಪಿಯಾದರೆ ಮೂರನೇ ಒಂದು ಭಾಗ ಸಾಕು. ಸಾಮಾನ್ಯ ಕಳ್ಳತನಕ್ಕೆ ಗರಿಷ್ಠ ಮೂರು ವರ್ಷ, ಹಾಗಾಗಿ ಅಂಥವನಿಗೆ ಒಂದು ವರ್ಷ ತುಂಬಿದರೆ ಬಿಡುಗಡೆಗೆ ಅರ್ಹತೆ ಬರುತ್ತದೆ. ಅವಧಿ ತುಂಬಿದೊಡನೆ ನ್ಯಾಯಾಲಯಕ್ಕೆ ಬರೆಯುವ ಕರ್ತವ್ಯ ಜೈಲು ಅಧೀಕ್ಷಕರದ್ದೇ ಎಂದು ಅದೇ ಕಲಮು ಹೇಳುತ್ತದೆ. ಹಳೆಯ ಕೇಸುಗಳಲ್ಲಿ ಒಳಗಿರುವವರಿಗೂ ಇದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಗಲ್ಲು ಅಥವಾ ಜೀವಾವಧಿ ಶಿಕ್ಷೆ ಇರುವ ಅಪರಾಧಗಳಿಗೆ ಇದು ಸಲ್ಲದು. ಒಬ್ಬನ ಮೇಲೆ ಒಂದಕ್ಕಿಂತ ಹೆಚ್ಚು ಕೇಸುಗಳು ಬಾಕಿಯಿದ್ದರೂ ಸಲ್ಲದು. ಈ ಕೊನೆಯ ಷರತ್ತು ಬಡ ಆರೋಪಿಗಳನ್ನು ಹೆಚ್ಚಾಗಿ ಹೊಡೆಯುತ್ತದೆ ಎಂಬುದು ನನ್ನ ಅಭಿಪ್ರಾಯ, ಅದು ತಿದ್ದುಪಡಿಯಾಗಬೇಕು.

ಕಲಮು ಇಷ್ಟು ಸರಳವಾಗಿದ್ದರೂ ಲೆಕ್ಕ ತಪ್ಪುವುದು ಎಲ್ಲಿ? ಜೈಲಿನ ಕ್ಲಿನಿಕ್ಕಿನ ಮೇಜಿನ ಮುಂದೆ ಒಬ್ಬ ಹುಡುಗ ಬಂದು ಕೂತ ಎಂದು ಭಾವಿಸಿ. ಮೊದಲು ಅವನ ವಾರಂಟ್ ನೋಡಬೇಕು. ಅದರ ಮೇಲೆ ಒಂದಾದ ಮೇಲೊಂದು ಮುಂದಿನ ದಿನಾಂಕಗಳಿರುತ್ತವೆ, ಕೈಬರಹ ಓದಲು ಬಾರದಂತಿರುತ್ತದೆ. ಬಂಧನವಾದ ದಿನ ಯಾವುದು, ನ್ಯಾಯಾಂಗ ಬಂಧನಕ್ಕೆ ಒಪ್ಪಿಸಿದ ದಿನ ಯಾವುದು, ನಡುವೆ ಬೇರೆ ಠಾಣೆಯವರು ಬಾಡಿ ವಾರಂಟ್ ಮೇಲೆ ಕರೆದೊಯ್ದಿದ್ದರೇ, ಎಫ್‌ಐಆರ್‌ನಲ್ಲಿದ್ದ ಕಲಮುಗಳೇ ದೋಷಾರೋಪ ಪಟ್ಟಿಯಲ್ಲೂ ಇವೆಯೇ, ಇಲ್ಲ ಒಂದು ಕೈಬಿಟ್ಟು ಹೋಗಿದೆಯೇ? ಠಾಣೆಯವರು ಹಾಕಿದ ದೊಡ್ಡ ಕಲಮು ಚಾರ್ಜ್‌ಶೀಟಿನಲ್ಲಿ ಬಿದ್ದುಹೋಗಿದ್ದರೂ ಜೈಲಿನ ರಿಜಿಸ್ಟರಿನಲ್ಲಿ ಹಳೆಯದೇ ಉಳಿದಿದ್ದರೆ, ಆ ಹುಡುಗನ ಹೆಸರು ಅರ್ಹರ ಪಟ್ಟಿಗೆ ಬರುವುದೇ ಇಲ್ಲ. ಇದನ್ನು ಹಿಡಿಯಲು ದೊಡ್ಡ ವಕೀಲರು ಬೇಕಿಲ್ಲ. ಒಂದು ನೋಟ್‌ಬುಕ್ಕು, ಇ-ಕೋರ್ಟ್ ಜಾಲತಾಣದಲ್ಲಿ ಕೇಸಿನ ಸ್ಥಿತಿ ನೋಡಲು ಒಂದು ಮೊಬೈಲು, ತಾಳ್ಮೆಯಿಂದ ಕೂತು ದಿನ ಎಣಿಸುವ ಒಬ್ಬ ಮೂರನೇ ವರ್ಷದ ವಿದ್ಯಾರ್ಥಿನಿ ಸಾಕು. ಅವಳು ಮಾಡಿದ ಪಟ್ಟಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ವಿಚಾರಣಾಧೀನರ ಪರಿಶೀಲನಾ ಸಮಿತಿಯ ಮೇಜಿಗೆ ಹೋಗಬೇಕು, ಅಷ್ಟೆ.

ಜಾಮೀನು ಸಿಕ್ಕಿಯೂ ಒಳಗೇ ಉಳಿದವರದು ಇನ್ನೊಂದು ಗೋಳು. ನಮ್ಮ ಕೋರ್ಟುಗಳಲ್ಲಿ ಜಾಮೀನುದಾರ ಎಂದರೆ ಪಹಣಿ ಇರಬೇಕು, ಇಲ್ಲ ಮನೆಯ ಖಾತೆ ಇರಬೇಕು. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಒಡಿಶಾದಿಂದಲೋ ಬಿಹಾರದಿಂದಲೋ ರಾಯಚೂರಿನಿಂದಲೋ ಬಂದವನಿಗೆ ಪಹಣಿ ತಂದು ನಿಲ್ಲುವವರು ಯಾರಿದ್ದಾರೆ? 1978ರ ಮೋತಿರಾಮ್ ಪ್ರಕರಣದಲ್ಲೂ ಆರೋಪಿ ಒಬ್ಬ ಗಾರೆ ಕೆಲಸದವನು. ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿದ ಮ್ಯಾಜಿಸ್ಟ್ರೇಟರು ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅದನ್ನು ತಳ್ಳಿಹಾಕಿದ್ದರು. ಕೃಷ್ಣ ಅಯ್ಯರ್ ಅದನ್ನು ಕಟುವಾಗಿ ಖಂಡಿಸಿದರು. ಸ್ಥಳೀಯ ಜಾಮೀನುದಾರನೇ ಬೇಕು ಎಂಬ ಷರತ್ತು ಹೇರಬೇಡಿ ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಮತ್ತೆ ಹೇಳಬೇಕಾಯಿತು. ಅದೇ ಆದೇಶದ ಪ್ರಕಾರ, ಜಾಮೀನು ಸಿಕ್ಕಿ ಏಳು ದಿನವಾದರೂ ಬಿಡುಗಡೆಯಾಗದವನ ವಿಷಯವನ್ನು ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಬಡ ಕೈದಿಗಳ ಜಾಮೀನು ಮೊತ್ತಕ್ಕೆ 40,000 ರೂಪಾಯಿವರೆಗೂ, ದಂಡಕ್ಕೆ 25,000 ರೂಪಾಯಿವರೆಗೂ ನೆರವು ಕೊಡುವ ಕೇಂದ್ರ ಸರ್ಕಾರದ ಯೋಜನೆಯೂ ಅದೇ ವರ್ಷ ಬಂದಿದೆ. ಆದೇಶ ಇದೆ, ಹಣ ಇದೆ. ಇವೆರಡನ್ನೂ ಆ ಗಾರೆ ಕೆಲಸದವನ ಹೆಸರಿನ ಜೊತೆ ಜೋಡಿಸುವ ಅರ್ಜಿ ಬರೆಯುವವರು ಬೇಕು.

ಭಾಷೆಯ ಮಾತೂ ಇಲ್ಲೇ ಬರುತ್ತದೆ. ನಮ್ಮ ದೊಡ್ಡ ಊರುಗಳ ಜೈಲಿನಲ್ಲಿ ಕನ್ನಡ ಬಾರದ ವಲಸೆ ಕಾರ್ಮಿಕರು ಇದ್ದಾರೆ. ಅವರ ಚಾರ್ಜ್‌ಶೀಟ್ ಕನ್ನಡದಲ್ಲಿರುತ್ತದೆ. ಈ ಕಾಲೇಜಿನ ಹಾಸ್ಟೆಲಿನಲ್ಲಿ ಹಿಂದಿ, ಉರ್ದು, ತೆಲುಗು ಮಾತಾಡುವ ಎಷ್ಟೋ ವಿದ್ಯಾರ್ಥಿಗಳಿದ್ದೀರಿ. ನಿಮ್ಮ ಮೇಲೆ ಹೊರಿಸಿದ ಆರೋಪ ಇದು ಎಂದು ಒಬ್ಬನಿಗೆ ಅವನ ಮಾತಿನಲ್ಲಿ ಓದಿ ಹೇಳುವುದು ಕಾನೂನು ನೆರವೇ. ಉತ್ತರ ಕರ್ನಾಟಕದ ಜೈಲುಗಳಲ್ಲಿ ಲಂಬಾಣಿ ತಾಂಡಾಗಳಿಂದ ಬಂದವರಿಗೂ ಅವರ ಮಾತು ಬಲ್ಲ ಒಬ್ಬ ವಿದ್ಯಾರ್ಥಿ ಸಿಕ್ಕರೆ ಅಷ್ಟೇ ನೆರವು.

ಜೈಲಿನ ಅಧಿಕಾರಿಗಳ ಬಗ್ಗೆ ಒಂದು ಮಾತು. ವಿದ್ಯಾರ್ಥಿಗಳು ಬಂದರೆ ದೂರು ಬರೆಯುತ್ತಾರೆ, ಪತ್ರಿಕೆಗೆ ಸುದ್ದಿ ಕೊಡುತ್ತಾರೆ ಎಂಬ ಆತಂಕ ಅವರಿಗೆ ಇರುತ್ತದೆ. ಆ ಆತಂಕ ಪೂರ್ತಿ ಸುಳ್ಳಲ್ಲ. ಹೊಡೆತ ಕಂಡರೆ ಬರೆಯಲೇಬೇಕು, ಅದರಲ್ಲಿ ರಾಜಿ ಇಲ್ಲ. ಜೈಲಿನೊಳಗೆ ಜಾತಿ ನೋಡಿ ಕೆಲಸ ಹಂಚುವ ರೂಢಿಯನ್ನು ಪತ್ರಕರ್ತೆ ಸುಕನ್ಯಾ ಶಾಂತಾ ಬಯಲಿಗೆಳೆದು ಸುಪ್ರೀಂ ಕೋರ್ಟಿಗೆ ಒಯ್ದರು. ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿದ್ದ ಅಂಥ ನಿಯಮಗಳು 2024ರ ಅಕ್ಟೋಬರ್ 3ರಂದು ರದ್ದಾದವು. ಕೈಪಿಡಿಯಲ್ಲಿ ಅಚ್ಚಾಗಿದ್ದ ಆ ನಿಯಮವನ್ನು ಯಾವ ಕಾನೂನು ವಿದ್ಯಾರ್ಥಿಯಾದರೂ ಎಂದೋ ಓದಿ ಪ್ರಶ್ನಿಸಬಹುದಿತ್ತು. ಅದೇ ಹೊತ್ತಿಗೆ, ಸಿಬ್ಬಂದಿ ಕೊರತೆಯಲ್ಲಿ ಒದ್ದಾಡುವ ಜೈಲರನಿಗೆ ಅರ್ಜಿ ಬರೆಯಲು, ಪಟ್ಟಿ ಮಾಡಲು ವಾರ ವಾರವೂ ತಪ್ಪದೆ ಬರುವ ವಿದ್ಯಾರ್ಥಿಗಳು ದೊಡ್ಡ ಆಸರೆ. ವರ್ಷಕ್ಕೊಮ್ಮೆ ಬಂದು ಹೋಗುವ ಶಿಬಿರದವರನ್ನು ಅವನು ನಂಬದೇ ಇರುವುದರಲ್ಲಿ ತಪ್ಪೇನೂ ಇಲ್ಲ.

ಆದ್ದರಿಂದ ಈ ಸಂಸ್ಥೆಯ ಆಡಳಿತ ಮಂಡಳಿಯ ಮುಂದೆ ನನ್ನ ಕೋರಿಕೆಗಳನ್ನು ಇಟ್ಟು ಮುಗಿಸುತ್ತೇನೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದೊಂದಿಗೆ ಬರಹದಲ್ಲಿ ಒಪ್ಪಂದ ಮಾಡಿಕೊಂಡು, ವಾರದಲ್ಲಿ ಒಂದು ನಿಗದಿತ ದಿನ ಈ ಊರಿನ ಜೈಲಿನಲ್ಲಿ ಕಾಲೇಜಿನ ಮೇಜು ಇರಲಿ. ಆ ಕೆಲಸಕ್ಕೆ ಪಠ್ಯಕ್ರಮದಲ್ಲಿ ಅಂಕ ಇರಲಿ, ಒಬ್ಬ ಅಧ್ಯಾಪಕರ ಕೆಲಸದ ಹೊರೆಯಲ್ಲಿ ಅದನ್ನು ಪಾಠದ ತಾಸುಗಳಾಗಿಯೇ ಲೆಕ್ಕ ಹಿಡಿಯಿರಿ. ಅಂತಿಮ ವರ್ಷದವರು ಒಬ್ಬರೇ ಹೋಗದೆ ಎರಡನೇ ವರ್ಷದ ಒಬ್ಬರನ್ನು ಜೊತೆಗೆ ಕರೆದೊಯ್ಯಲಿ. ಪ್ರತಿ ಕೈದಿಯ ಹೆಸರಿನಲ್ಲಿ ಒಂದು ಹಾಳೆ ಇರುವ ರಿಜಿಸ್ಟರು ಕಾಲೇಜಿನಲ್ಲೇ ಉಳಿಯಲಿ, ಪದವಿ ಪಡೆದು ಹೋಗುವವರು ಅದನ್ನು ಕಿರಿಯರಿಗೆ ಸಹಿ ಹಾಕಿ ಒಪ್ಪಿಸಿ ಹೋಗಲಿ. ಇನ್ನೊಂದು, ಎಲ್ಲಕ್ಕಿಂತ ಹೆಚ್ಚು ಸಲ ಮರೆತುಹೋಗುವುದು: ಪರೀಕ್ಷೆಯ ತಿಂಗಳಿನಲ್ಲೂ ಬೇಸಿಗೆ ರಜೆಯಲ್ಲೂ ಆ ಮೇಜು ಖಾಲಿ ಇರಬಾರದು. ಅಧ್ಯಾಪಕರು, ಸ್ಥಳೀಯರಾದ ಹಳೆಯ ವಿದ್ಯಾರ್ಥಿ ವಕೀಲರು ಸರದಿ ಹಾಕಿಕೊಂಡು ಅದನ್ನು ನಡೆಸಲಿ. ಕೋರ್ಟಿಗೆ ಬೇಸಿಗೆ ರಜೆ ಇದೆ, ಕಾಲೇಜಿಗೂ ಇದೆ, 479ನೇ ಕಲಮಿನ ದಿನಗಳು ಮಾತ್ರ ಏಪ್ರಿಲ್‌ನಲ್ಲೂ ಮೇನಲ್ಲೂ ತುಂಬುತ್ತಲೇ ಇರುತ್ತವೆ.

ಈ ದತ್ತಿಯ ಬಡ್ಡಿಯಲ್ಲಿ ಒಂದು ಪಾಲನ್ನು ಆ ವಿದ್ಯಾರ್ಥಿಗಳ ಬಸ್ ಖರ್ಚಿಗೆ, ಜೆರಾಕ್ಸ್ ಖರ್ಚಿಗೆ ಮೀಸಲಿಡಲು ದಾನಿಗಳ ಕುಟುಂಬ ಒಪ್ಪುವುದಾದರೆ, ಬರುವ ಸೆಮಿಸ್ಟರಿನಿಂದಲೇ ಕೆಲಸ ಶುರುಮಾಡಬಹುದು. ಮೊದಲ ತಂಡಕ್ಕೆ ವಾರಂಟ್ ಓದುವುದನ್ನು, ದಿನ ಎಣಿಸುವುದನ್ನು ಕಲಿಸಲು ನಾನು ಬರುತ್ತೇನೆ.